ಆಪರೇಷನ್ ಥಿಯೇಟರಿಗಿಂತ ಓಪಿಡಿ ದೊಡ್ಡದು

23 ನವೆಂಬರ್ 2024, ಶನಿವಾರ

ಬೆಳಿಗ್ಗೆ ರೌಂಡ್ಸ್ ಮುಗಿಸಿ ಹೊರಟಾಗ ಹೊಸದಾಗಿ ಸೇರಿದ ರೆಸಿಡೆಂಟ್ ಹುಡುಗಿ ಹಿಂದೆಯೇ ಬಂದಳು. "ಮೇಡಂ, ನಾನು ಮಕ್ಕಳ ಹಾರ್ಟ್ ಟ್ರಾನ್ಸ್‌ಪ್ಲಾಂಟ್‌ಗೇ ಹೋಗ್ಬೇಕು ಅಂತಿದೀನಿ. ಹಾಗಾದ್ರೆ ಸರ್ಜರಿ ತಗೋಬೇಕಲ್ವಾ?" ನಾನು ಚಾಕು ಹಿಡಿಯುವವಳಲ್ಲ, ಕಾರ್ಡಿಯಾಲಜಿಸ್ಟ್ ಎನ್ನುವುದು ಅವಳಿಗೆ ಗೊತ್ತು. ಕಸಿಯಾದ ಮಕ್ಕಳನ್ನೇ ನಾನು ದಿನವಿಡೀ ನೋಡುತ್ತೇನೆ ಎನ್ನುವುದೂ ಗೊತ್ತು. ಆದರೂ ಕೇಳಿದಳು. ಅವಳದೇನೂ ತಪ್ಪಿಲ್ಲ. ಹೃದಯ ಕಸಿ ಎಂದರೆ ಜನರ ಕಣ್ಣಿಗೆ ಬರುವುದು ಐಸ್ ಪೆಟ್ಟಿಗೆ, ಸೈರನ್, ಮಾಸ್ಕ್ ಹಾಕಿದ ಸರ್ಜನ್. ನಿಂತ ಕಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲಮ್ಮ, ಬರೆದು ಹಾಕ್ತೀನಿ ಓದು ಅಂದೆ.

ಮೊದಲು ಸರ್ಜನ್‌ಗಳ ಮಾತು. ಬರೀ ಮಕ್ಕಳ ಹೃದಯ ಕಸಿಯನ್ನೇ ಮಾಡಿಕೊಂಡಿರುವ ಸರ್ಜನ್ ಹೆಚ್ಚುಕಡಿಮೆ ಎಲ್ಲೂ ಇಲ್ಲ. ಪ್ರಪಂಚದ ಆಸ್ಪತ್ರೆಗಳೆಲ್ಲ ಅಂತರರಾಷ್ಟ್ರೀಯ ನೋಂದಣಿಗೆ ಕಳಿಸುವ ಲೆಕ್ಕ ಕೂಡಿಸಿದರೂ ಮಕ್ಕಳ ಕಸಿ ವರ್ಷಕ್ಕೆ ಕೆಲವು ನೂರು ಅಷ್ಟೇ. ಅದನ್ನು ಅಷ್ಟೂ ಕೇಂದ್ರಗಳಿಗೆ ಹಂಚಿದರೆ ಎಷ್ಟೋ ಕಡೆ ಒಬ್ಬರ ಪಾಲಿಗೆ ಬರುವುದು ವರ್ಷದಲ್ಲಿ ನಾಲ್ಕೋ ಐದೋ. ಹಾಗಾಗಿ ಇವರು ಹುಟ್ಟು ಹೃದ್ರೋಗದ ಸರ್ಜನ್‌ಗಳು. ಹಗಲು ಹೃದಯದ ತೂತು ಮುಚ್ಚುತ್ತಾರೆ, ಅದಲುಬದಲಾಗಿ ಹುಟ್ಟಿದ ಮಹಾಧಮನಿಗಳನ್ನು ಸರಿಯಾದ ಜಾಗಕ್ಕೆ ಹೊಲಿಯುತ್ತಾರೆ. ಕಸಿ ಬಂದಾಗ, ಬಹುಪಾಲು ರಾತ್ರಿಯೇ, ಅದಕ್ಕೂ ನಿಲ್ಲುತ್ತಾರೆ. ಸ್ನಾಯು ದುರ್ಬಲವಾಗಿ ಹಿಗ್ಗಿದ ಹೃದಯವೊಂದನ್ನು ತೆಗೆದು ಬೇರೆಯದನ್ನು ಕೂರಿಸುವುದು, ಹೊಲಿಗೆಯ ಮಟ್ಟಿಗೆ ಹೇಳುವುದಾದರೆ, ನವಜಾತ ಶಿಶುವಿನ ಧಮನಿ ಅದಲುಬದಲಿಗಿಂತ ಸುಲಭ ಎಂದು ಅವರೇ ಹೇಳುತ್ತಾರೆ. ಕಷ್ಟ ಇರುವುದು ಆಗಲೇ ಮೂರು ಸಲ ಎದೆ ತೆರೆದ ಮಗುವಿನಲ್ಲಿ. ಎಲ್ಲ ಅಂಟಿಕೊಂಡಿರುತ್ತದೆ, ರಕ್ತನಾಳಗಳ ದಾರಿಯನ್ನೇ ಹಳೆಯ ಆಪರೇಷನ್‌ಗಳು ಬದಲಿಸಿರುತ್ತವೆ, ಕೆಲವೊಮ್ಮೆ ದಾನಿಯ ಹೃದಯದ ಜೊತೆ ಅದರಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕಮಾನನ್ನೂ ಉದ್ದಕ್ಕೆ ಕತ್ತರಿಸಿ ತರಬೇಕಾಗುತ್ತದೆ.

ಓದಿನ ಲೆಕ್ಕ ಅವಳು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಅಮೆರಿಕದ ದಾರಿ ಹಿಡಿದರೆ ಕಾಲೇಜು 4 ವರ್ಷ, ವೈದ್ಯಕೀಯ 4, ಮಕ್ಕಳ ವೈದ್ಯಶಾಸ್ತ್ರ 3, ಮಕ್ಕಳ ಕಾರ್ಡಿಯಾಲಜಿ 3, ಆಮೇಲೆ ಹೃದಯ ವೈಫಲ್ಯ ಮತ್ತು ಕಸಿಗೆಂದೇ ಇನ್ನೂ 1. ಸರ್ಜನ್ ಆಗುವವರಿಗೆ ಇನ್ನೂ ಉದ್ದ. ಬೇರೆ ದೇಶಗಳಲ್ಲಿ ಹೆಸರುಗಳು ಬೇರೆ, ದಾರಿ ಮಾತ್ರ ಉದ್ದವೇ. ಓದು ಮುಗಿದ ಮೇಲೆ ಕೆಲಸ ಎಲ್ಲಿ? ಇಡೀ ಬ್ರಿಟನ್ನಿನಲ್ಲಿ ಮಕ್ಕಳ ಹೃದಯ ಕಸಿ ಮಾಡುವುದು 2 ಕಡೆ: ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆ, ನ್ಯೂಕ್ಯಾಸಲ್‌ನ ಫ್ರೀಮನ್ ಆಸ್ಪತ್ರೆ. ಅಂದರೆ ನಿಮಗೆ ಇಷ್ಟವಾದ ಊರಿಗೆ ಕೆಲಸ ಬರುವುದಿಲ್ಲ, ಕೆಲಸ ಇದ್ದ ಊರಿಗೆ ನೀವು ಹೋಗಬೇಕು. ಮದುವೆಯಾಗುವವರ ಜೊತೆ ಈ ಮಾತನ್ನು ಮೊದಲೇ ಆಡಿಕೊಳ್ಳುವುದು ಒಳ್ಳೆಯದು. (ನಾನು ಆಡಿಕೊಂಡಿದ್ದೆ. ಅದಕ್ಕೇ ಇನ್ನೂ ಇಲ್ಲಿದ್ದೇನೆ.)

ಈ ವೃತ್ತಿ ಹುಟ್ಟಿದ ಬಗೆಯನ್ನು ನೋಡಿದರೂ ಅವಳ ಪ್ರಶ್ನೆಗೆ ಒಂದು ಉತ್ತರ ಇದೆ. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದ್ದು ಎಲ್ಲರಿಗೂ ಗೊತ್ತು. ಅದಾಗಿ ಮೂರೇ ದಿನಕ್ಕೆ ಬ್ರೂಕ್ಲಿನ್‌ನಲ್ಲಿ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಮೂರು ವಾರವೂ ತುಂಬದ ಹಸುಗೂಸಿಗೆ ಹೃದಯ ಹಾಕಿದರು. ಹೊಸ ಹೃದಯ ಕೆಲವೇ ಗಂಟೆ ಬಡಿದು ನಿಂತಿತು. ವರ್ಷಗಟ್ಟಲೆ ನಾಯಿಮರಿಗಳ ಮೇಲೆ ಅಭ್ಯಾಸ ಮಾಡಿದ್ದ ಮನುಷ್ಯ. ಮುಂದಿನ ತಿಂಗಳು ಒಬ್ಬ ವಯಸ್ಕನಿಗೆ ಇನ್ನೊಂದು ಕಸಿ ಮಾಡಿ, ಆಮೇಲೆ ಕಸಿಯ ಸಹವಾಸವನ್ನೇ ಬಿಟ್ಟು ಸೋತ ಹೃದಯಕ್ಕೆ ಆಸರೆಯಾಗುವ ಯಂತ್ರಗಳ ಕಡೆ ತಿರುಗಿದರು. ಇವತ್ತಿಗೂ ಐಸಿಯುಗಳಲ್ಲಿ ಬಳಸುವ ಬಲೂನ್ ಪಂಪ್ ಅನ್ನು ರೋಗಿಗಳಿಗೆ ಮೊದಲು ಹಾಕಿದವರು ಅವರೇ.

1968ರಲ್ಲಿ ಲೋಕದ ತುಂಬ ಕಸಿಯ ಭರಾಟೆ. ನೂರಕ್ಕೂ ಹೆಚ್ಚು ಆದವು, ಬಹುತೇಕ ರೋಗಿಗಳು ಬೇಗನೇ ಹೋದರು. ಒಂದೆರಡು ವರ್ಷಕ್ಕೆ ಹೆಚ್ಚಿನ ಆಸ್ಪತ್ರೆಗಳು ಕಸಿಗೆ ಬಾಗಿಲು ಹಾಕಿದವು. ಸ್ಟ್ಯಾನ್‌ಫರ್ಡ್‌ನ ಸರ್ಜನ್ ನಾರ್ಮನ್ ಶಮ್‌ವೇ ಹಾಕಲಿಲ್ಲ. ಅವರ ಗುಂಪು ಆಗ ಮಾಡಿದ್ದೇನು ಎಂದು ಓದಿದರೆ ಆಪರೇಷನ್ ಥಿಯೇಟರಿನ ಕಥೆ ಕಡಿಮೆ. ಕುತ್ತಿಗೆಯ ರಕ್ತನಾಳದಿಂದ ಒಳಗಿಳಿದು ಹೃದಯದ ಒಳಗೋಡೆಯ ಚೂರನ್ನು ಕಿತ್ತು ತರುವ ಉಪಕರಣವನ್ನು ಫಿಲಿಪ್ ಕೇವ್ಸ್ ರೂಪಿಸಿದರು. ಆ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ರಿಜೆಕ್ಷನ್ (ಅಂದರೆ ಹೊಸ ಹೃದಯವನ್ನು ದೇಹ ಪರಕೀಯ ಎಂದು ತಿರಸ್ಕರಿಸುವುದು) ಎಷ್ಟು ತೀವ್ರ ಎಂದು ಓದುವ ಕ್ರಮವನ್ನು ಮಾರ್ಗರೆಟ್ ಬಿಲ್ಲಿಂಗ್‌ಹ್ಯಾಮ್ ಕಟ್ಟಿದರು. ಮನೆಗೆ ಹೋದ ರೋಗಿಗಳ ಬೆನ್ನು ಬಿಡದೆ ನೋಡಿಕೊಂಡವರು ಕಾರ್ಡಿಯಾಲಜಿಸ್ಟ್ ಶರನ್ ಹಂಟ್. ಕಸಿಯ ಕಾರ್ಡಿಯಾಲಜಿಸ್ಟ್ ಎಂಬ ಜಾತಿ ಹುಟ್ಟಿದ್ದು ಅಲ್ಲಿ. 1983ರಲ್ಲಿ ಅಮೆರಿಕದಲ್ಲಿ ರಿಜೆಕ್ಷನ್ ತಡೆಯುವ ಔಷಧಿಯಾದ ಸೈಕ್ಲೋಸ್ಪೋರಿನ್‌ಗೆ ಅನುಮತಿ ಸಿಕ್ಕಿದ ಮೇಲೆ ಬಾಗಿಲು ಹಾಕಿದವರಲ್ಲಿ ಅನೇಕರು ಮತ್ತೆ ತೆರೆದರು.

ಮಕ್ಕಳ ಲೋಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದ ಸರ್ಜನ್ ಲಿಯೊನಾರ್ಡ್ ಬೈಲಿ ಹೆಸರು ಬಾರದೆ ಇರುವುದಿಲ್ಲ. ಎಡಭಾಗವೇ ಬೆಳೆಯದ ಹೃದಯದೊಂದಿಗೆ ಹುಟ್ಟಿದ ಕೂಸುಗಳು ಆಗ ಬಹುಪಾಲು ಉಳಿಯುತ್ತಿರಲಿಲ್ಲ. ಅವರು ಆಡಿನ ಮರಿಗಳಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ, 1984ರ ಅಕ್ಟೋಬರ್‌ನಲ್ಲಿ ಅಂಥ ಒಂದು ಕೂಸಿಗೆ ಬಬೂನ್ ಕೋತಿಯ ಹೃದಯ ಹಾಕಿದರು. ಸುಮಾರು ಮೂರು ವಾರ ಬದುಕಿತು. ಬೈಗುಳದ ಮಳೆ ಸುರಿಯಿತು. ನನ್ನ ಕೇಳಿದರೆ ಅದರಲ್ಲಿ ಅರ್ಧದಷ್ಟು ನ್ಯಾಯವಾದದ್ದೇ: ಮನುಷ್ಯರ ಹೃದಯ ಸಿಗುತ್ತದೆಯೇ ಎಂದು ಹುಡುಕಲೇ ಇಲ್ಲವಲ್ಲ ಎಂಬ ಪ್ರಶ್ನೆಗೆ ಸಮಾಧಾನವಾಗುವ ಉತ್ತರ ಇಲ್ಲ. ಮರುವರ್ಷ ನವೆಂಬರ್‌ನಲ್ಲಿ ಅದೇ ಬೈಲಿ 4 ದಿನದ ಗಂಡುಕೂಸಿಗೆ ಮನುಷ್ಯರ ಹೃದಯ ಹಾಕಿದರು. ಆ ಕೂಸು ಬೆಳೆದು ದೊಡ್ಡವನಾಯಿತು.

ಆದರೆ ನನಗೆ ಇವರೆಲ್ಲರಿಗಿಂತ ಹತ್ತಿರದವರು ಲೋರಿ ವೆಸ್ಟ್. ಮಕ್ಕಳ ಕಾರ್ಡಿಯಾಲಜಿಸ್ಟ್, ಜೊತೆಗೆ ಇಮ್ಯುನಾಲಜಿ (ದೇಹದ ರೋಗನಿರೋಧಕ ವ್ಯವಸ್ಥೆಯ ಶಾಸ್ತ್ರ) ಓದಿದವರು. ಕಸಿಗೆ ರಕ್ತದ ಗುಂಪು ಹೊಂದಲೇಬೇಕು ಎಂಬುದು ಕಲ್ಲಿನ ಮೇಲೆ ಕೊರೆದ ನಿಯಮವಾಗಿತ್ತು. ಹೊಂದದ ಗುಂಪಿನ ವಿರುದ್ಧ ದೇಹದಲ್ಲಿ ಮೊದಲೇ ಪ್ರತಿಕಾಯಗಳು (ಆಂಟಿಬಾಡಿ) ಇರುತ್ತವೆ, ಅವು ಹೊಸ ಹೃದಯವನ್ನು ನಿಮಿಷಗಳಲ್ಲಿ ಮುಗಿಸಿಬಿಡುತ್ತವೆ. ಸರಿ, ಆದರೆ ಹುಟ್ಟಿದ ಕೂಸಿನಲ್ಲಿ ಆ ಪ್ರತಿಕಾಯಗಳು ಇನ್ನೂ ತಯಾರಾಗಿರುವುದೇ ಇಲ್ಲವಲ್ಲ! ಪುಸ್ತಕದಲ್ಲಿ ಎಲ್ಲರೂ ಓದಿದ್ದ ವಿಷಯ ಅದು. ಅದನ್ನು ಹಿಡಿದುಕೊಂಡು ಟೊರಾಂಟೊದ ಮಕ್ಕಳ ಆಸ್ಪತ್ರೆಯ ಅವರ ತಂಡ ಗುಂಪು ಹೊಂದದ ಹೃದಯಗಳನ್ನು 10 ಶಿಶುಗಳಿಗೆ ಹಾಕಿ, 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಎಳೆಯ ಕೂಸುಗಳು ಪಟ್ಟಿಯಲ್ಲಿ ಕಾಯುತ್ತ ಕಾಯುತ್ತ ಸಾಯುವುದು ಕಡಿಮೆಯಾಯಿತು. ಹೀಗೆ ಹೃದಯ ಸಿಕ್ಕಿದ ಮಕ್ಕಳಲ್ಲಿ ಅನೇಕರು ಬೆಳೆದ ಮೇಲೂ ದಾನಿಯ ಗುಂಪಿನ ವಿರುದ್ಧ ಪ್ರತಿಕಾಯ ತಯಾರಿಸುವುದಿಲ್ಲ ಎನ್ನುವುದು ಆಮೇಲೆ ಕಂಡಿತು. ಹೊಸ ಹೊಲಿಗೆಯಿಲ್ಲ, ಹೊಸ ಔಷಧಿಯಿಲ್ಲ.

ನನ್ನ ಕೆಲಸದ ಮಾತಿಗೆ ಬರುತ್ತೇನೆ. ರಾತ್ರಿ ಫೋನ್ ಬರುವುದು ಮೊದಲು ಸರ್ಜನ್‌ಗಲ್ಲ, ಎಷ್ಟೋ ಕಡೆ ನಮ್ಮಂಥವರಿಗೆ. ಎಲ್ಲೋ ಒಂದು ಮಗುವಿನ ಮೆದುಳು ನಿಷ್ಕ್ರಿಯವಾಗಿದೆ, ಅಪ್ಪ ಅಮ್ಮ ಅಂಗದಾನಕ್ಕೆ ಒಪ್ಪಿದ್ದಾರೆ. ತೂಕ ಎಷ್ಟು, ಎಕೋ (ಹೃದಯದ ಸ್ಕ್ಯಾನ್) ಹೇಗಿದೆ, ಯಾವ ಔಷಧಿಯ ಬಲದ ಮೇಲೆ ರಕ್ತದೊತ್ತಡ ನಿಂತಿದೆ, ನಮ್ಮ ಮಗುವಿನ ರಕ್ತದಲ್ಲಿ ಆ ದಾನಿಯ ವಿರುದ್ಧ ಪ್ರತಿಕಾಯ ಇದೆಯೇ, ಹೃದಯ ಐಸಿನಲ್ಲಿ ಇರುವುದು 4 ಗಂಟೆಯೊಳಗೆ ಮುಗಿಯುತ್ತದೆಯೇ. ಹ್ಞೂಂ ಅನ್ನುವುದಕ್ಕಿಂತ ಬೇಡ ಅನ್ನುವುದು ಕಷ್ಟ. ಬೇಡ ಅಂದ ಹೃದಯ ನಾಳೆ ಬೇರೆ ಕಡೆ ಚೆನ್ನಾಗಿ ಕೆಲಸ ಮಾಡಬಹುದು, ನಮ್ಮ ಮಗು ಇನ್ನೊಂದು ಸಿಗುವವರೆಗೆ ಉಳಿಯದೆ ಹೋಗಬಹುದು. ಈ ನಿರ್ಧಾರವನ್ನು ತೂಗಿ, ಬೆಳಿಗ್ಗೆ ಎಂದಿನಂತೆ ಡ್ಯೂಟಿಗೆ ಹೋಗಲು ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ದಾನಿ ಮಗುವನ್ನು ನೋಡಿಕೊಂಡವರಾಗಲಿ, ಮೆದುಳು ನಿಷ್ಕ್ರಿಯ ಎಂದು ಘೋಷಿಸಿದವರಾಗಲಿ ಕಸಿ ತಂಡದಲ್ಲಿ ಇರುವಂತಿಲ್ಲ. ಈ ಗೋಡೆಯನ್ನು ಯಾರೂ ದಾಟಬಾರದು, ದಾಟಿದರೆ ಜನ ನಮ್ಮನ್ನು ನಂಬುವುದಿಲ್ಲ.

ಹೃದಯಕ್ಕಾಗಿ ಕಾಯುವ ಮಕ್ಕಳದು ಇನ್ನೊಂದು ಲೋಕ. ಸೋತ ಹೃದಯಕ್ಕೆ ಆಸರೆಯಾಗುವ ಬರ್ಲಿನ್ ಹಾರ್ಟ್ ಎಂಬ ಪಂಪು ದೇಹದ ಹೊರಗೆ ಇರುತ್ತದೆ, ತೀರಾ ಚಿಕ್ಕದು 10 ಮಿಲಿಲೀಟರಿನದು. ಅದರ ಕೋಣೆ ಪಾರದರ್ಶಕ. ಟಾರ್ಚ್ ಹಿಡಿದು ಒಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಪದೇ ಪದೇ ನೋಡುತ್ತೇವೆ. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2011ರಲ್ಲಿ. ಈ ಯಂತ್ರಗಳನ್ನೇ ನೋಡಿಕೊಳ್ಳುವವರ ಒಂದು ಕಸುಬು ಆಮೇಲೆ ಬೆಳೆಯಿತು. ಇಂಜಿನಿಯರಿಂಗ್ ಮನಸ್ಸಿನ ಡಾಕ್ಟರಿಗೆ ಹೇಳಿ ಮಾಡಿಸಿದ ಜಾಗ.

ಕಸಿಯಾದ ಮೇಲಿನದು ಅಸಲು ಕೆಲಸ. ಕತ್ತರಿಸಿ ತಂದ ಹೃದಯಕ್ಕೆ ನರಗಳ ಸಂಪರ್ಕ ಇರುವುದಿಲ್ಲ. ಹಾಗಾಗಿ ಮಗು ಸುಮ್ಮನೆ ಕೂತಿದ್ದರೂ ಬಡಿತ ಜೋರು, ಓಡಲು ಶುರುಮಾಡಿದರೆ ಏರುವುದು ನಿಧಾನ. ರಕ್ತನಾಳ ಕಟ್ಟಿಕೊಂಡರೂ ಬಹಳ ಸಲ ಎದೆನೋವೇ ಬರುವುದಿಲ್ಲ. ಆದ್ದರಿಂದ ಚೆನ್ನಾಗಿಯೇ ಇರುವ ಮಗುವನ್ನೂ ಮತ್ತೆ ಮತ್ತೆ ಮಲಗಿಸಿ ಆಂಜಿಯೋಗ್ರಾಂ, ಬಯಾಪ್ಸಿ ಮಾಡುತ್ತೇವೆ. ರಿಜೆಕ್ಷನ್ ತಡೆಯುವ ಔಷಧಿ ಹೆಚ್ಚಾದರೆ ಕಿಡ್ನಿ ಕೆಡುತ್ತದೆ, ಸೋಂಕು ಹಿಡಿಯುತ್ತದೆ, ಕೆಲವರಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರ್. ಕಡಿಮೆಯಾದರೆ ಹೃದಯವೇ ಹೋಗುತ್ತದೆ. ತಂತಿಯ ಮೇಲಿನ ನಡಿಗೆ, ಹಿಡಿದುಕೊಳ್ಳಲು ಕೋಲೂ ಇಲ್ಲ.

ಬ್ರಿಟನ್ನಿನ ಒಂದು ಹುಡುಗಿಯ ವೃತ್ತಾಂತವನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. 1995ರಲ್ಲಿ, 2 ವರ್ಷದವಳಿದ್ದಾಗ, ಸರ್ಜನ್ ಮ್ಯಾಗ್ಡಿ ಯಾಕೂಬ್ ಅವಳ ಸ್ವಂತ ಹೃದಯವನ್ನು ತೆಗೆಯದೆ ಪಕ್ಕದಲ್ಲೇ ದಾನಿಯ ಹೃದಯವನ್ನು ಜೋಡಿಸಿದರು. ಔಷಧಿಗಳಿಂದಾಗಿ ಮುಂದೆ ಕ್ಯಾನ್ಸರ್ ಕಾಣಿಸಿತು. ಕ್ಯಾನ್ಸರಿಗಾಗಿ ಔಷಧಿ ಇಳಿಸಿದರು, ದಾನಿಯ ಹೃದಯ ರಿಜೆಕ್ಟ್ ಆಗತೊಡಗಿತು. ಅಷ್ಟು ಹೊತ್ತಿಗೆ ಅವಳ ಹುಟ್ಟು ಹೃದಯ ಚೇತರಿಸಿಕೊಂಡಿತ್ತು. 2006ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿ ದಾನಿಯ ಹೃದಯವನ್ನು ತೆಗೆದರು. ನಿವೃತ್ತರಾಗಿದ್ದ ಯಾಕೂಬ್ ಅವರನ್ನೂ ಸಲಹೆಗೆ ಕರೆಸಿದ್ದರು. ಔಷಧಿ ನಿಂತಿತು, ಕ್ಯಾನ್ಸರ್ ಹೋಯಿತು. ಎರಡು ಆಪರೇಷನ್‌ಗಳೂ ಸುದ್ದಿಯಾದವು. ನನ್ನ ಆಸಕ್ತಿ ಇರುವುದು ನಡುವಿನ ಹತ್ತಕ್ಕೂ ಹೆಚ್ಚು ವರ್ಷಗಳಲ್ಲಿ: ಪ್ರತಿ ಸಲ ಎಕೋ ಮಾಡುವಾಗ ಎರಡೂ ಹೃದಯಗಳನ್ನು ಅಳೆಯುತ್ತ, ಹಳೆಯದು ಸುಧಾರಿಸುತ್ತಿದೆ ಎಂದು ಗಮನಿಸಿದವರ ವರ್ಷಗಳಲ್ಲಿ.

ಕಷ್ಟದ ವಯಸ್ಸು ಹದಿಹರೆಯ. ಶಿಶುವಾಗಿದ್ದಾಗ ಅಮ್ಮ ತಪ್ಪದೆ ಕೊಟ್ಟ ಮಾತ್ರೆಯನ್ನು ಹದಿನೈದರ ಹುಡುಗ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಔಷಧಿಯಿಂದ ಮುಖ ಊದುತ್ತದೆ, ಗೆಳೆಯರು ಕೇಳುತ್ತಾರೆ, ಹೇಗೂ ಚೆನ್ನಾಗಿದ್ದೇನಲ್ಲ ಎನ್ನುತ್ತಾನೆ. ವರ್ಷಗಳ ನಂತರ ಬರುವ ರಿಜೆಕ್ಷನ್‌ಗೆ ಹೀಗೆ ಮಾತ್ರೆ ಬಿಡುವುದೇ ದೊಡ್ಡ ಕಾರಣ. ಬೈದರೆ ಕೆಲಸ ಆಗುವುದಿಲ್ಲ. ನಮ್ಮ ತಂಡದಲ್ಲಿ ಇದನ್ನು ಮೊದಲು ಪತ್ತೆ ಹಚ್ಚುವವರು ಡಾಕ್ಟರುಗಳಲ್ಲ, ಕೋಆರ್ಡಿನೇಟರ್ ನರ್ಸ್‌ಗಳು. ಆ ಹುಡುಗರು ಅವರ ಹತ್ತಿರ ಮಾತ್ರ ನಿಜ ಹೇಳುತ್ತಾರೆ. ಕಸಿ ತಂಡಕ್ಕೆ ಸೇರುವ ಯಾವ ಡಾಕ್ಟರಾದರೂ ಮೊದಲ ಕೆಲವು ತಿಂಗಳು ಅವರ ಪಕ್ಕ ಕೂತು ಕಲಿಯಲಿ ಎನ್ನುವುದು ನನ್ನ ಹಠ. ಮೇಲಿನವರು ಇನ್ನೂ ಒಪ್ಪಿಲ್ಲ.

ಶಿಶುವಾಗಿದ್ದಾಗ ಕಸಿಯಾದವರಲ್ಲಿ ಅರ್ಧದಷ್ಟು ಜನ 20 ವರ್ಷ ದಾಟುತ್ತಾರೆ. ಅಂದರೆ ಅವರು ನಮ್ಮ ಕೈ ದಾಟಿ ದೊಡ್ಡವರ ಕ್ಲಿನಿಕ್ಕಿಗೆ ಹೋಗಬೇಕು, ಕೆಲವರಿಗೆ ಎರಡನೇ ಹೃದಯ ಬೇಕಾಗುತ್ತದೆ. ದೊಡ್ಡವರ ಕಸಿ ನೋಡುವವರಿಗೆ ಹುಟ್ಟು ಹೃದ್ರೋಗದ ಹಳೆಯ ಆಪರೇಷನ್‌ಗಳ ಪರಿಚಯ ಕಡಿಮೆ. ನಮಗೆ ಬಸಿರು, ಬಿಪಿ, ಉದ್ಯೋಗ, ಸಾಲದ ಚಿಂತೆಗಳ ಪರಿಚಯ ಕಡಿಮೆ. ಈ ಹಸ್ತಾಂತರದ ಸಮಯದಲ್ಲೇ ಎಷ್ಟೋ ಜನ ಔಷಧಿಯಿಂದಲೂ ಡಾಕ್ಟರಿಂದಲೂ ದೂರವಾಗುತ್ತಾರೆ. ಎರಡೂ ಕಡೆ ತರಬೇತಿ ಪಡೆದವರು ಬೆರಳೆಣಿಕೆಯಷ್ಟು. ಆ ರೆಸಿಡೆಂಟ್ ಹುಡುಗಿ ನಿಜವಾಗಿ ನನ್ನ ಅಭಿಪ್ರಾಯ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ: ಕಾರ್ಡಿಯಾಲಜಿ ಮುಗಿಸಿ ಒಂದು ವರ್ಷ ಮಕ್ಕಳ ಕಸಿ ಮಾಡು, ಇನ್ನೊಂದು ವರ್ಷ ದೊಡ್ಡವರ ಕಸಿ ವಿಭಾಗದಲ್ಲಿ ಕೂರು. ಸಂಬಳ ಹೆಚ್ಚೇನೂ ಸಿಗಲಿಕ್ಕಿಲ್ಲ. ಆದರೆ ಅವರು ಹತ್ತು ವರ್ಷದವರಿದ್ದಾಗಿನಿಂದ ನಾನು ನೋಡಿ ಈಗ ಆಚೆ ಕಳಿಸಬೇಕಾದವರ ಫೈಲುಗಳು ಮೇಜಿನ ಮೇಲಿವೆ, ಯಾರ ಕೈಗೆ ಕೊಡಲಿ ಎಂದು ನನಗೇ ಗೊತ್ತಾಗುತ್ತಿಲ್ಲ.