ಗುಳ್ಳೆ ಒಡೆದ ಮಾತ್ರಕ್ಕೆ ಜೀನ್ ಒಳಗೆ ಹೋಗುವುದಿಲ್ಲ

ಅಲ್ಟ್ರಾಸೌಂಡ್ ಮತ್ತು ಮೈಕ್ರೋಬಬಲ್ (ಅನಿಲ ತುಂಬಿದ ಅತಿ ಸಣ್ಣ ಗುಳ್ಳೆ) ಬಳಸಿ ಅಂಗಾಂಶಕ್ಕೆ ಜೀನ್ ಸೇರಿಸುವುದು ಎಂದಾಗ ಹೆಚ್ಚಿನವರಿಗೆ ಹೊಳೆಯುವುದು ಇಷ್ಟು: ಗುಳ್ಳೆ ಒಡೆಯುತ್ತದೆ, ಜೀವಕೋಶದ ಪೊರೆಯಲ್ಲಿ ತೂತು ಬೀಳುತ್ತದೆ, ಡಿಎನ್‌ಎ ಒಳಗೆ ನುಗ್ಗುತ್ತದೆ. ತೂತು ಮಾಡುವುದು ಇದರಲ್ಲಿ ಸುಲಭದ ಭಾಗ. ಅದೇ ಹೊತ್ತಿಗೆ ಅದೇ ಜಾಗದಲ್ಲಿ ಡಿಎನ್‌ಎ ಇರಬೇಕು. ಪ್ರಯೋಗಗಳು ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಗುಳ್ಳೆಗಳು ಕೆಲವೇ ಮೈಕ್ರಾನ್ ಗಾತ್ರದವು, ಹೆಚ್ಚಿನವು ಕೆಂಪು ರಕ್ತಕಣಕ್ಕಿಂತ ಚಿಕ್ಕವು. ಹೊರಗೆ ಲಿಪಿಡ್ ಅಥವಾ ಆಲ್ಬುಮಿನ್ ಕವಚ, ಒಳಗೆ ನೀರಿನಲ್ಲಿ ಅಷ್ಟಾಗಿ ಕರಗದ ಅನಿಲ: ಮಾರುಕಟ್ಟೆಯ ಗುಳ್ಳೆಗಳಾದ ಡೆಫಿನಿಟಿಯಲ್ಲಿ ಪರ್‌ಫ್ಲೂರೋಪ್ರೊಪೇನ್, ಸೋನೋವ್ಯೂನಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್. ಎರಡೂ ಸ್ಕ್ಯಾನ್ ಚಿತ್ರ ಸ್ಪಷ್ಟವಾಗಲೆಂದು ತಯಾರಾದವು. ಇಷ್ಟು ದೊಡ್ಡ ಗುಳ್ಳೆ ರಕ್ತನಾಳ ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾಗಿ ಅಭಿಧಮನಿಗೆ ಚುಚ್ಚಿದರೆ ಮೊದಲು ಜೀನ್ ಸಿಗುವುದು ನಾಳದ ಒಳಪದರದ ಜೀವಕೋಶಗಳಿಗೆ. ಹಿಂದಿರುವ ಸ್ನಾಯುವಿಗೆ ತಲುಪುವುದು ತೀರ ಕಡಿಮೆ.

ಪೊರೆಯ ತೂತು ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳೊಳಗೆ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಬೇಕು. ಜೀನ್ ಹೊತ್ತೊಯ್ಯುವ ಉಂಗುರಾಕಾರದ ಡಿಎನ್‌ಎಗೆ ಪ್ಲಾಸ್ಮಿಡ್ ಎನ್ನುತ್ತಾರೆ. 5 ಕಿಲೋಬೇಸ್ (5,000 ಬೇಸ್ ಜೋಡಿ) ಪ್ಲಾಸ್ಮಿಡ್ ಎಂದರೆ ಸುಮಾರು 33 ಲಕ್ಷ ಡಾಲ್ಟನ್ ತೂಕದ ಅಣು, ನಿಧಾನವಾಗಿ ಚಲಿಸುತ್ತದೆ. ರಕ್ತಕ್ಕೆ ಬಿಟ್ಟರೆ ನ್ಯೂಕ್ಲಿಯೇಸ್ ಕಿಣ್ವಗಳು ಅದನ್ನು ನಿಮಿಷಗಳಲ್ಲೇ ಕತ್ತರಿಸಿಹಾಕುತ್ತವೆ. ಕವಚಕ್ಕೆ ಧನ ಆವೇಶದ ಲಿಪಿಡ್ ಬೆರೆಸಿ ಡಿಎನ್‌ಎಯನ್ನು ಗುಳ್ಳೆಗೇ ಅಂಟಿಸುವುದು ಇದಕ್ಕಾಗಿ. ನಮ್ಮ ಮಟ್ಟಿಗೆ, ರಕ್ತದ ಮೂಲಕ ಕೊಡುವುದಾದರೆ ಈ ಹೆಜ್ಜೆ ಬಿಡಬಾರದು. ಅಂಟಿಸಿದ ಮೇಲೆ ಅಂಟದೆ ಉಳಿದ ಪ್ಲಾಸ್ಮಿಡ್ ತೊಳೆದು ತೆಗೆಯಿರಿ, ಇಲ್ಲದಿದ್ದರೆ ನೀವು ಕೊಟ್ಟ ಪ್ರಮಾಣ ಎಷ್ಟೆಂಬುದೇ ಗೊತ್ತಾಗುವುದಿಲ್ಲ.

ಗುಳ್ಳೆ ಕೈಯಲ್ಲೇ ಹಾಳಾಗುವುದು ಬಹಳ. ಡೆಫಿನಿಟಿ ಸೀಸೆಯನ್ನು ಕೋಣೆಯ ತಾಪಕ್ಕೆ ತಂದು ಅದರದ್ದೇ ಯಂತ್ರದಲ್ಲಿ 45 ಸೆಕೆಂಡು ಕುಲುಕಬೇಕು. ಸೋನೋವ್ಯೂಗೆ 5 ಮಿಲಿಲೀಟರ್ ಸಲೈನ್ ಹಾಕಿ 20 ಸೆಕೆಂಡು ಜೋರಾಗಿ ಅಲುಗಾಡಿಸಬೇಕು. ಗುಳ್ಳೆ ಮೇಲೆ ತೇಲುತ್ತದೆ, ಆದ್ದರಿಂದ ಸಿರಿಂಜಿಗೆ ಎಳೆಯುವ ಮುನ್ನ ಪ್ರತಿಬಾರಿ ಮತ್ತೆ ಕಲಕಿ. ಸಣ್ಣ ಸೂಜಿಯಲ್ಲಿ ರಭಸವಾಗಿ ಒತ್ತಿದರೆ ಬಹಳಷ್ಟು ಗುಳ್ಳೆಗಳು ಅಲ್ಲೇ ಸಾಯುತ್ತವೆ. 20 ಗೇಜ್ ಅಥವಾ ಅದಕ್ಕಿಂತ ದಪ್ಪದ್ದು ಇರಲಿ. ಪ್ರಾಣಿಗೆ ಅರಿವಳಿಕೆಯಾಗಿ ಐಸೋಫ್ಲೂರೇನ್ ಕೊಡುವಾಗ ಶುದ್ಧ ಆಮ್ಲಜನಕದ ಬದಲು ಸಾದಾ ಗಾಳಿ ಬಳಸಿದರೆ ಗುಳ್ಳೆ ರಕ್ತದಲ್ಲಿ ಹೆಚ್ಚು ಹೊತ್ತು ಬಾಳುತ್ತದೆ. ಎಷ್ಟೋ ಕಡೆ ಇದನ್ನು ಬರೆದಿಡುವುದೇ ಇಲ್ಲ, ಆಮೇಲೆ ಫಲಿತಾಂಶ ಹೊಂದುತ್ತಿಲ್ಲವೆಂದು ತಲೆಕೆಡಿಸಿಕೊಳ್ಳುತ್ತಾರೆ.

ಇನ್ನು ಶಬ್ದ. ಶಬ್ದ ಗುಳ್ಳೆಯನ್ನು ಎಷ್ಟು ಜೋರಾಗಿ ಅಲುಗಿಸಬಲ್ಲದು ಎಂಬುದರ ಅಂದಾಜು ಮೆಕ್ಯಾನಿಕಲ್ ಇಂಡೆಕ್ಸ್. ಅದೆಂದರೆ ಗರಿಷ್ಠ ಋಣ ಒತ್ತಡವನ್ನು (ಮೆಗಾಪಾಸ್ಕಲ್) ಆವರ್ತನದ (ಮೆಗಾಹರ್ಟ್ಜ್) ವರ್ಗಮೂಲದಿಂದ ಭಾಗಿಸಿದ ಅಂಕಿ. 0.4 ಮೆಗಾಪಾಸ್ಕಲ್ ಒತ್ತಡಕ್ಕೆ 1 ಮೆಗಾಹರ್ಟ್ಜ್‌ನಲ್ಲಿ ಅದು 0.4, 4 ಮೆಗಾಹರ್ಟ್ಜ್‌ನಲ್ಲಿ 0.2. ಜೀವಕೋಶ ಬೆಳೆಸುವ ಡಿಶ್‌ನಲ್ಲಿ ಶುರುಮಾಡುವವರಿಗೆ 1 ಮೆಗಾಹರ್ಟ್ಜ್, 0.3ರಿಂದ 0.6 ಮೆಗಾಪಾಸ್ಕಲ್, 10ರಿಂದ 20 ಶೇಕಡಾ ಡ್ಯೂಟಿ ಸೈಕಲ್ (ಒಟ್ಟು ಹೊತ್ತಿನಲ್ಲಿ ಶಬ್ದ ಹೊರಡುವ ಪಾಲು), 30ರಿಂದ 60 ಸೆಕೆಂಡು ಸಾಕು. ಯಂತ್ರದ ಪರದೆಯ ಅಂಕಿ ನಂಬಬೇಡಿ. ಹೈಡ್ರೋಫೋನ್ (ನೀರೊಳಗಿನ ಮೈಕ್) ಇಟ್ಟು ಅಳೆಯಿರಿ. ಡಿಶ್‌ನ ಮೇಲಿನ ಗಾಳಿ ಶಬ್ದವನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಕಳಿಸುತ್ತದೆ, ಸ್ಥಾಯಿ ಅಲೆಗಳಾಗುತ್ತವೆ, ಒಂದು ಕಡೆ ಜೀವಕೋಶಗಳು ಸತ್ತಿರುತ್ತವೆ, ಒಂದೆರಡು ಮಿಲಿಮೀಟರ್ ಆಚೆ ಏನೂ ಆಗಿರುವುದಿಲ್ಲ. ಎದುರು ಬದಿಗೆ ಶಬ್ದ ಹೀರುವ ರಬ್ಬರ್ ಇಡಿ, ತೊಟ್ಟಿಯ ನೀರಿನಿಂದ ಗಾಳಿ ತೆಗೆದಿರಲಿ. ಜೀವಕೋಶಗಳು ತಳಕ್ಕೆ ಅಂಟಿರುತ್ತವೆ, ಗುಳ್ಳೆಗಳು ಮೇಲೇರುತ್ತವೆ. ಮುಚ್ಚಿದ ಪಾತ್ರೆಯನ್ನು ತಲೆಕೆಳಗು ಮಾಡಿದರೆ ಎರಡೂ ಭೇಟಿಯಾಗುತ್ತವೆ.

ಪ್ರಾಣಿಯಲ್ಲಿ ಬಿಡದೆ ಶಬ್ದ ಹಾಯಿಸಿದರೆ ಮೊದಲ ಪಲ್ಸ್‌ಗಳಲ್ಲೇ ಲೋಮನಾಳಗಳ ಗುಳ್ಳೆಗಳು ಮುಗಿಯುತ್ತವೆ, ಉಳಿದ ಶಬ್ದ ವ್ಯರ್ಥ. ಹೊಸ ರಕ್ತ ತುಂಬಲು ಕೆಲವು ಸೆಕೆಂಡು ಬಿಟ್ಟು ಮತ್ತೆ ಕೊಡಬೇಕು. ಗುಳ್ಳೆ ಹೆಚ್ಚು ಸುರಿದರೂ ತೊಂದರೆ: ಪ್ರೋಬ್‌ಗೆ ಹತ್ತಿರದವು ಶಬ್ದವನ್ನು ತಡೆದು ಆಳಕ್ಕೆ ನೆರಳು ಬೀಳಿಸುತ್ತವೆ. ಪ್ಲಾಸ್ಮಿಡ್ ಮಾತ್ರ, ಪ್ಲಾಸ್ಮಿಡ್ ಜೊತೆ ಗುಳ್ಳೆ, ಪ್ಲಾಸ್ಮಿಡ್ ಜೊತೆ ಶಬ್ದ, ಈ ಮೂರೂ ಹೋಲಿಕೆ ಗುಂಪುಗಳಿಲ್ಲದ ಫಲಿತಾಂಶಕ್ಕೆ ಬೆಲೆಯಿಲ್ಲ.

ಈ ವಿಧಾನಕ್ಕೆ ಹೇಳಿ ಮಾಡಿಸಿದಂಥ ಕೆಲಸ ಮೂಳೆಯದ್ದು. 2017ರಲ್ಲಿ ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನೈ ತಂಡ ಮಿನಿ ಹಂದಿಗಳ ಕಾಲಿನ ಟಿಬಿಯಾ ಮೂಳೆಯ ತಾನಾಗಿ ಕೂಡದ ಅಂತರದಲ್ಲಿ ಕೊಲಾಜನ್ ಸ್ಪಂಜನ್ನು ಇಟ್ಟಿತು. ದೇಹದ ಕಾಂಡಕೋಶಗಳು ಅದರೊಳಗೆ ಬಂದು ಸೇರಲೆಂದು ಎರಡು ವಾರ ಕಾದು, ನಂತರ ಮೂಳೆ ಬೆಳೆಸುವ ಪ್ರೋಟೀನಿನ ಬಿಎಂಪಿ-6 ಜೀನ್ ಮತ್ತು ಗುಳ್ಳೆಗಳನ್ನು ಅಲ್ಲಿಗೇ ಕೊಟ್ಟು ಚರ್ಮದ ಮೇಲಿಂದ ಅಲ್ಟ್ರಾಸೌಂಡ್ ಹಾಯಿಸಿದರು. ಗುರುತು ಜೀನ್ ಬಳಸಿ ನೋಡಿದಾಗ ಸ್ಪಂಜಿನ ಸುಮಾರು 40 ಶೇಕಡಾ ಜೀವಕೋಶಗಳಿಗೆ ಅದು ಸೇರಿತ್ತು. ಚಿಕಿತ್ಸೆ ಪಡೆದ ಹಂದಿಗಳ ಮೂಳೆ ಆರು ವಾರದಲ್ಲಿ ಕೂಡಿತು. ರಕ್ತನಾಳದ ಗೋಡೆಯೇ ಇಲ್ಲಿ ಅಡ್ಡಿಯಾಗಿಲ್ಲ. ಪ್ಲಾಸ್ಮಿಡ್ ವರ್ಣತಂತುವಿಗೆ ಸೇರಿಕೊಳ್ಳದ ಕಾರಣ ಜೀನ್‌ನ ಕೆಲಸ ಕೆಲವು ದಿನ, ವಾರಗಳಲ್ಲಿ ಇಳಿಯುತ್ತದೆ. ಮೂಳೆ ಕೂಡಲು ಅಷ್ಟು ಸಾಕು. ಹೀಮೋಫಿಲಿಯಾದಂತೆ ಜೀವನಪರ್ಯಂತ ಪ್ರೋಟೀನ್ ಬೇಕಾದ ಕಾಯಿಲೆಗೆ ಸಾಲದು, ಅಲ್ಲಿ ಬೇರೆ ಪ್ಲಾಸ್ಮಿಡ್ ರಚನೆ ಅಥವಾ ಮತ್ತೆ ಮತ್ತೆ ಕೊಡುವ ಚಿಕಿತ್ಸೆ ಬೇಕಾಗುತ್ತದೆ.