ಜಿಮ್ನಿಗೆ ಎಂಥ ಟ್ರೇಲರ್ ಸರಿ?

ಕ್ಯಾಂಪಿಂಗ್ ಟ್ರೇಲರ್ ಅಂದ ಕೂಡಲೇ ಎಲ್ಲರೂ ಅಡುಗೆ ಕಪಾಟು, ಹಾಸಿಗೆ ನೋಡುತ್ತಾರೆ. ನಾನು ಮೊದಲು ಕೇಳುವುದು ತೂಕ. ಸುಜುಕಿಯ ಪುಟ್ಟ 4x4 ಗಾಡಿ ಜಿಮ್ನಿಯೇ ಸುಮಾರು 1200 ಕೆಜಿ ಇದೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಬ್ರೇಕ್ ಇರುವ ಟ್ರೇಲರ್ ಆದರೆ 1300 ಕೆಜಿ, ಬ್ರೇಕ್ ಇಲ್ಲದಿದ್ದರೆ ಬರೀ 350 ಕೆಜಿ ಎಳೆಯಲು ಅನುಮತಿ. ಆ 1300 ನೋಡಿ ಖುಷಿಪಡಬೇಡಿ. ಮಳೆಯಲ್ಲಿ ಕೊಡಗಿನ ಸಂಪಾಜೆ ಘಾಟಿ ಇಳಿಯುವಾಗ, ಮುಂದೆ ಲಾರಿ, ಹಿಂದೆ ತಳ್ಳುವ ಭಾರ, ತಿರುವಿನ ಮೇಲೆ ತಿರುವು, ಆಗ ಹಗುರ ಗಾಡಿಯ ಹಿಂಭಾಗ ಅಲ್ಲಾಡಿದರೆ ಹಿಡಿಯುವುದು ಕಷ್ಟ. ಹತ್ತುವಾಗ 1.5 ಲೀಟರ್ ಎಂಜಿನ್‌ಗೂ ಸುಸ್ತೇ.

ಹಾಗಾಗಿ ನನ್ನ ಮಿತಿ, ಸಾಮಾನೆಲ್ಲ ಸೇರಿ 500 ಕೆಜಿ. ಬ್ರೇಕ್ ಇರಲೇಬೇಕು. 60 ಲೀಟರ್ ನೀರು ಅಂದರೆ ಅಲ್ಲೇ 60 ಕೆಜಿ ಹೋಯ್ತು. ಕೊಡಗಿನಲ್ಲಿ ಸುಮ್ನೆ ಅಷ್ಟು ನೀರು ಯಾಕೆ ಹೊರಬೇಕು, ಅಲ್ವಾ? ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಹಿಚ್ (ಗಾಡಿಗೆ ಟ್ರೇಲರ್ ಸೇರಿಸುವ ಕೊಂಡಿ) ಮೇಲೆ ಬೀಳುವಂತೆ ಸಾಮಾನು ಜೋಡಿಸಿ. ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್ ಓಲಾಡುತ್ತದೆ.

ಚಕ್ರ ಜಿಮ್ನಿಯದ್ದೇ ಅಳತೆ ಇರಲಿ, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಅಗಲವೂ ಗಾಡಿಯ ಜಾಡಿನಲ್ಲೇ ಬರಬೇಕು. ಮಾಂದಲಪಟ್ಟಿ ಕಡೆಯ ಕೊರಕಲು ದಾರಿಯಲ್ಲಿ ಮಾಮೂಲಿ ಬಾಲ್ ಹಿಚ್ ಹೆಚ್ಚು ತಿರುಚಿಕೊಳ್ಳುವುದಿಲ್ಲ, ಎಲ್ಲ ದಿಕ್ಕಿಗೂ ತಿರುಗುವ ಹಿಚ್ಚೇ ಬೇಕು.

ಇಲ್ಲಿನ ಮಳೆಗೆ ಬಟ್ಟೆ ಟೆಂಟ್ ಬೂಷ್ಟು ಹಿಡಿಯುತ್ತದೆ, ಮನೆಗೆ ಬಂದ ಕೂಡಲೇ ಬಿಚ್ಚಿ ಒಣಗಿಸಿ. ಟ್ರೇಲರ್‌ಗೂ ನೋಂದಣಿ ಬೇಕು. ದುಡ್ಡು ಕೊಡುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.