ಮಂಗಳೂರಿನಿಂದ ಫ್ರಾನ್ಸಿನ ಶಾಲೆಗೆ: ಇಂಗ್ಲಿಷ್ ಅಸಿಸ್ಟೆಂಟ್ ಆಗಿ ಹೊರಡುವವರು ಊರಲ್ಲೇ ಮುಗಿಸಬೇಕಾದ ಕೆಲಸ

ಫ್ರಾನ್ಸಿನ ಸರಕಾರಿ ಶಾಲೆಗಳಲ್ಲಿ ಮಕ್ಕಳಿಂದ ಇಂಗ್ಲಿಷ್ ಮಾತಾಡಿಸುವ ಭಾಷಾ ಅಸಿಸ್ಟೆಂಟ್ ಕೆಲಸಕ್ಕೆ ಭಾರತದಿಂದಲೂ ಆಯ್ಕೆ ನಡೆಯುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, 7 ತಿಂಗಳು, ವಾರಕ್ಕೆ 12 ಗಂಟೆ ಪಾಠ. ಕೈಗೆ ಬರುವುದು ತಿಂಗಳಿಗೆ ಸುಮಾರು 800 ಯೂರೊ. ಸಣ್ಣ ಪಟ್ಟಣದಲ್ಲಿ ಇದರಲ್ಲಿ ಹೇಗೋ ನಡೆಯುತ್ತದೆ, ಪ್ಯಾರಿಸ್‌ನಲ್ಲಿ ಬಹಳ ಬಿಗಿ. ದುಡ್ಡು ಉಳಿಸಿ ಊರಿಗೆ ಕಳಿಸುವ ಲೆಕ್ಕಾಚಾರ ಇದ್ದರೆ ಈ ಕೆಲಸ ಬೇಡ. ಮಂಗಳೂರು, ಮಣಿಪಾಲಗಳಲ್ಲಿ ಫ್ರೆಂಚ್ ಕಲಿತು ಹೊರಡುವವರು ಹೆಚ್ಚಾಗಿ ಚಳಿ, ಊಟ, ಭಾಷೆಗೆ ಹೆದರುತ್ತಾರೆ. ಅವೆಲ್ಲ ಹೇಗಾದರೂ ಸುಧಾರಿಸುತ್ತವೆ. ಸುಧಾರಿಸದೆ ಕಾಡುವುದು ಕಾಗದಪತ್ರ.

ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಮನೆ ಹೆಸರೋ ಊರ ಹೆಸರೋ ತಂದೆಯ ಹೆಸರೋ ಇನಿಶಿಯಲ್ ಆಗಿ ಮುಂದೆ ಕೂತಿರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಪೈ, ಕಾಮತ್, ಶೆಟ್ಟಿ, ಡಿಸೋಜ ಎಂದು ಆ ಜಾಗ ತುಂಬಿರುವವರು ಬಚಾವ್. ಫ್ರಾನ್ಸಿನ ಯಾವ ಫಾರಂ ಕೂಡ ಕುಟುಂಬದ ಹೆಸರು, ಸ್ವಂತ ಹೆಸರು ಎರಡನ್ನೂ ಕೇಳುತ್ತದೆ. ಒಂದು ಖಾಲಿ ಇದ್ದರೆ ಕೌಂಟರಿನವರು ತಮಗೆ ತೋಚಿದ್ದನ್ನು ತುಂಬುತ್ತಾರೆ. ಆಗ ಬ್ಯಾಂಕಿನಲ್ಲಿ ಒಬ್ಬರು, ಸಂಬಳದ ಕಡತದಲ್ಲಿ ಇನ್ನೊಬ್ಬರು, ಆರೋಗ್ಯ ವಿಮೆಯಲ್ಲಿ ಮೂರನೆಯವರು ಆಗಿಬಿಡುತ್ತೀರಿ. ಹಾಗಾಗಿ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಸೇವಾ ಕೇಂದ್ರ ಮಂಗಳೂರಲ್ಲೇ ಇದೆ. ನೇಮಕಾತಿ ಪತ್ರ ಹಳೆಯ ಹೆಸರಿಗೆ ಬಂದಾಗಿದ್ದರೆ ಮಾತ್ರ ಮುಟ್ಟಲು ಹೋಗಬೇಡಿ, ನಡುವೆ ಬದಲಿಸಿದರೆ ವೀಸಾಕ್ಕೇ ಕುತ್ತು.

ಎರಡನೆಯದು ಜನನ ಪ್ರಮಾಣಪತ್ರ. ಅಲ್ಲಿನ ಸಾಮಾಜಿಕ ಭದ್ರತೆಯ ಕಚೇರಿ ಖಾಯಂ ನಂಬರ್ ಕೊಡುವ ಮೊದಲು ತಂದೆ ತಾಯಿಯ ಹೆಸರಿರುವ ಜನನ ಪತ್ರ ಕೇಳುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷ ಹಿಂದಿನ ನಮ್ಮ ಪತ್ರಗಳಲ್ಲಿ ಅಪ್ಪ ಅಮ್ಮನ ಹೆಸರಿರುತ್ತದೆ, ಮಗುವಿನ ಹೆಸರೇ ಇರುವುದಿಲ್ಲ! ನಾಮಕರಣಕ್ಕೆ ಮುಂಚೆ ಆಸ್ಪತ್ರೆಯಿಂದ ನೋಂದಣಿಯಾಗಿ ಹೋದದ್ದರ ಫಲ ಇದು. ನೋಂದಣಾಧಿಕಾರಿಯ ಬಳಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿ. ಆಮೇಲೆ ರಾಜ್ಯ ಮಟ್ಟದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಹೊರದೇಶಕ್ಕೆ ಹೇಳುವ ಮುದ್ರೆ. ಇದೇ ಕ್ರಮ, ಹಿಂದೆಮುಂದೆ ಆಗುವುದಿಲ್ಲ. ಫ್ರೆಂಚ್ ಅನುವಾದವನ್ನು ಅಲ್ಲಿಯ ನ್ಯಾಯಾಲಯದ ಪಟ್ಟಿಯಲ್ಲಿರುವ ಅನುವಾದಕರಿಂದಲೇ ಮಾಡಿಸಿದರೆ ತಕರಾರು ಕಡಿಮೆ. ಅಪಾಸ್ಟಿಲ್ ಆದ ಮೇಲೆ ಅನುವಾದ ಮಾಡಿಸಿ, ಮುದ್ರೆಯ ಒಕ್ಕಣೆಯೂ ಅನುವಾದದಲ್ಲಿ ಬರಬೇಕು.

ವೀಸಾ ಅರ್ಜಿ ಬೆಂಗಳೂರಿನ ಕೇಂದ್ರದಲ್ಲಿ. ಪ್ರಯಾಣಕ್ಕೆ 3 ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ. ಹೀಗಾಗಿ ಅಪಾಯಿಂಟ್‌ಮೆಂಟ್ ಬೀಳುವುದು ಜುಲೈಯಿಂದ ಸೆಪ್ಟೆಂಬರ್ ಒಳಗೆ, ಅಂದರೆ ನಮ್ಮ ಘಾಟಿ ಕುಸಿಯುವ ಕಾಲದಲ್ಲಿ. 2018ರ ಆಗಸ್ಟಿನಲ್ಲಿ ಶಿರಾಡಿ ರಸ್ತೆಯೂ ಸುಬ್ರಹ್ಮಣ್ಯ–ಸಕಲೇಶಪುರ ರೈಲುದಾರಿಯೂ ಒಟ್ಟಿಗೇ ಬಂದ್ ಆಗಿದ್ದವು. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿತು. ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಇಟ್ಟುಕೊಂಡು ಹಿಂದಿನ ರಾತ್ರಿಯ ಬಸ್ ಹತ್ತುವ ಧೈರ್ಯ ಮಾಡಬೇಡಿ. ಒಂದು ದಿನ ಮುಂಚೆ ಹೋಗಿ ನೆಂಟರ ಮನೆಯಲ್ಲಿ ಬಿದ್ದುಕೊಳ್ಳಿ.

ಮನೆ ಹುಡುಕುವ ವಿಷಯದಲ್ಲಿ ಎಲ್ಲರೂ ಎಡವುವುದು ಕ್ಯಾಲೆಂಡರಿನಲ್ಲಿ. ಶಾಲೆಯ ಹೆಸರು ಗೊತ್ತಾದ ದಿನವೇ ಅಲ್ಲಿನ ಕಚೇರಿಗೂ ಇಂಗ್ಲಿಷ್ ಟೀಚರಿಗೂ ಮೇಲ್ ಹಾಕಬೇಕು. ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ಶಾಲೆಯ ಕಚೇರಿಗಳೇ ಮುಚ್ಚಿರುತ್ತವೆ, ಹತ್ತು ಮೇಲ್ ಹಾಕಿದರೂ ಉತ್ತರ ಬಾರದು. ಕೇಳಬೇಕಾದ ಪ್ರಶ್ನೆ ಎರಡೇ: ಶಾಲೆಯ ಹಾಸ್ಟೆಲ್ ಕಟ್ಟಡದಲ್ಲಿ ಅಸಿಸ್ಟೆಂಟಿಗೆ ಕೋಣೆ ಇದೆಯೇ, ಇಲ್ಲದಿದ್ದರೆ ಮೊದಲ ಎರಡು ವಾರ ಯಾರಾದರೂ ಮನೆಯಲ್ಲಿ ಇರಿಸಿಕೊಂಡು ವಾಸದ ಪತ್ರ ಬರೆದುಕೊಡುತ್ತಾರೆಯೇ.

ಈ ಎರಡನೆಯ ಪ್ರಶ್ನೆಯಲ್ಲೇ ಗುಟ್ಟು ಇರುವುದು. ವಿಳಾಸವಿಲ್ಲದೆ ಬ್ಯಾಂಕ್ ಖಾತೆ ತೆರೆಯುವುದಿಲ್ಲ. ಖಾತೆಯಿಲ್ಲದೆ ಸಂಬಳವಿಲ್ಲ. ಸಂಬಳದ ಚೀಟಿಯಿಲ್ಲದೆ ಮನೆ ಮಾಲೀಕರು ಬಾಡಿಗೆಗೆ ಕೊಡುವುದಿಲ್ಲ. ಮನೆಯಿಲ್ಲದೆ ವಿಳಾಸವಿಲ್ಲ. ಈ ಸರಪಳಿ ತುಂಡಾಗುವ ಸುಲಭದ ಜಾಗ ಎಂದರೆ ಆತಿಥೇಯರ ಪತ್ರ: ಅವರ ಸಹಿ, ಗುರುತಿನ ಚೀಟಿಯ ಪ್ರತಿ, ಅವರ ಹೆಸರಿನ ಹೊಸ ಕರೆಂಟ್ ಬಿಲ್. ಮೂರೂ ಇದ್ದರೆ ಬ್ಯಾಂಕಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ನಿರಾಕರಣೆಯ ಪತ್ರ ಕೇಳಿ ಪಡೆಯಿರಿ. ಅದನ್ನು ಹಿಡಿದು ಅಲ್ಲಿನ ಕೇಂದ್ರ ಬ್ಯಾಂಕಾದ ಬಾಂಕ್ ದ ಫ್ರಾನ್ಸಿಗೆ ಹೋದರೆ, ಖಾತೆ ತೆರೆಯಲೇಬೇಕಾದ ಬ್ಯಾಂಕನ್ನು ಅವರೇ ಗೊತ್ತು ಮಾಡುತ್ತಾರೆ. ಬಾಡಿಗೆಗೆ ಜಾಮೀನು ಕೇಳಿದಾಗ 30 ದಾಟದವರಿಗೆ ವಿಸಾಲ್ ಎಂಬ ಉಚಿತ ಗ್ಯಾರಂಟಿ ಇದೆ, ಕರಾರಿಗೆ ಸಹಿ ಹಾಕುವ ಮೊದಲೇ ಅದರ ಪತ್ರ ಕೈಯಲ್ಲಿರಬೇಕು. ಕೋಣೆ ತೋರಿಸದೆ ಮುಂಗಡ ಕಳಿಸಿ ಎನ್ನುವವರು ಮೋಸಗಾರರು, ಅಷ್ಟೇ.

ಖಾತೆ ತೆರೆದ ದಿನವೇ ಅದರ ವಿವರಪತ್ರ, ರಿಬ್ ಎನ್ನುತ್ತಾರೆ, ಶಾಲೆಯ ಕಚೇರಿಗೆ ಕೊಡಿ. ಕೆಲಸಕ್ಕೆ ಹಾಜರಾದ ಪತ್ರಕ್ಕೂ ಅಕ್ಟೋಬರ್ ಮೊದಲ ದಿನವೇ ಸಹಿ ಹಾಕಿಸಿ. ಸಂಬಳದ ಪಟ್ಟಿ ತಿಂಗಳ ಆರಂಭದಲ್ಲೇ ಮುಚ್ಚುವುದರಿಂದ, ತಡವಾದರೆ ಅಕ್ಟೋಬರಿನದ್ದು ಬರೀ ಮುಂಗಡವಾಗಿ ಬರುತ್ತದೆ, ಇಲ್ಲವೇ ನವೆಂಬರ್ ಕೊನೆಗೆ ಸೇರಿ ಬರುತ್ತದೆ. ಎರಡು ತಿಂಗಳ ಖರ್ಚು, ಮೇಲೊಂದು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಊರಿಂದಲೇ ಒಯ್ಯಬೇಕು. ವೀಸಾವನ್ನು ಅಲ್ಲಿ ಇಳಿದ 3 ತಿಂಗಳೊಳಗೆ ಆನ್‌ಲೈನಲ್ಲಿ ಊರ್ಜಿತಗೊಳಿಸಬೇಕು. ಮರೆತರೆ ನೀವು ಅಲ್ಲಿರುವುದೇ ಅಕ್ರಮ.

ಇನ್ನು ಪೆಟ್ಟಿಗೆ. ಮಂಗಳೂರು–ಬೆಂಗಳೂರು ಟಿಕೆಟ್ ಬೇರೆ ಮಾಡಿಸಿದ್ದರೆ ದೇಶದೊಳಗಿನ ತೂಕದ ಮಿತಿ ಅನ್ವಯ, ಅದು ಹೆಚ್ಚಾಗಿ 15 ಕೆಜಿ. ಯುರೋಪಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ತುಪ್ಪವೂ ಪೇಡೆಯೂ ಬೇಡ. ಹಸಿ ಕರಿಬೇವು, ಮಾವಿನಹಣ್ಣು, ಶಂಕರಪುರ ಮಲ್ಲಿಗೆ ಕೂಡ ಸಸ್ಯ ಆರೋಗ್ಯ ಪತ್ರವಿಲ್ಲದೆ ಒಳಗೆ ಹೋಗದು. ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನದವರೇ ತೆಗೆಸುತ್ತಾರೆ. ಬ್ಯಾಡಗಿ ಮೆಣಸಿನ ಪುಡಿ, ಸಾರಿನ ಪುಡಿ, ಇಂಗು, ಹುಳಿ ಇಷ್ಟು ಸಾಕು. ಕುಚ್ಚಲಕ್ಕಿ ಹೊರಬೇಡಿ. ಪ್ಯಾರಿಸ್‌ನ ಲಾ ಶಾಪೆಲ್ ಕಡೆಯ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಕೆಂಪು ಕುಚ್ಚಲಕ್ಕಿಯೂ ತುರಿದು ಹೆಪ್ಪುಗಟ್ಟಿಸಿದ ತೆಂಗಿನಕಾಯಿಯೂ ಸಿಗುತ್ತವೆ. ಸಣ್ಣ ಊರಿನಲ್ಲಿ ಸೂಪರ್‌ಮಾರ್ಕೆಟಿನ ‘ಎತುವೆ’ ಅಕ್ಕಿ ತನ್ನಿ, ಅದು ಕುಚ್ಚಲೇ. ಇಡ್ಲಿ, ದೋಸೆಯ ಹಿಟ್ಟಿಗೆ ಒಂದು ಲೋಟ ಉದ್ದು, ಮೂರು ಲೋಟ ಎತುವೆ, ಅರ್ಧ ಚಮಚ ಮೆಂತ್ಯ. 18–19 ಡಿಗ್ರಿಯ ಕೋಣೆಯಲ್ಲಿ ಹಿಟ್ಟು ಹುಳಿ ಬರಲು ಒಂದು ಇಡೀ ದಿನ ಬೇಕಾದೀತು. ಓವನ್ ಹಚ್ಚದೆ ಒಳಗಿನ ಬಲ್ಬ್ ಮಾತ್ರ ಉರಿಸಿ ಪಾತ್ರೆ ಇಟ್ಟರೆ ಬೇಗ ಆಗುತ್ತದೆ. ನೀರುದೋಸೆಗೆ ಇದೇ ಅಕ್ಕಿ ಆಗದು, ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿ, ಬೇಕು. ಚಳಿಯ ಬಟ್ಟೆ ಊರಲ್ಲಿ ಕೊಳ್ಳಬೇಡಿ, ಅಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೂ ಸಿಗುತ್ತದೆ, ಬೆಚ್ಚಗೂ ಇರುತ್ತದೆ.

ತರಗತಿಯಲ್ಲಿ ನೀವು ಮೇಷ್ಟ್ರಲ್ಲ. ರಜೆ ಹಾಕಿದ ಟೀಚರಿನ ಬದಲಿಯಾಗಿ ನಿಲ್ಲುವುದು, ಅಂಕ ಹಾಕುವುದು ನಿಮ್ಮ ಕೆಲಸವಲ್ಲ. ಕೇಳಿದರೆ ನಯವಾಗಿ ಆಗುವುದಿಲ್ಲ ಎನ್ನಿ. 55 ನಿಮಿಷ, ಅರ್ಧ ತರಗತಿ, 12ರಿಂದ 15 ಮಕ್ಕಳು. ಗಲಾಟೆಗಿಂತ ಮೌನವೇ ದೊಡ್ಡ ತಲೆನೋವು, ಏಕೆಂದರೆ ತಪ್ಪಾದರೆ ಅಂಕ ಹೋಗುತ್ತದೆ ಎಂಬ ಅಭ್ಯಾಸದಲ್ಲಿ ಅವರು ಬಾಯಿ ಬಿಡುವುದಿಲ್ಲ. ಭಾರತದ ಮೇಲೆ ನಲವತ್ತು ಸ್ಲೈಡಿನ ಪ್ರದರ್ಶನ ಮಾಡಿದರೆ ಮಾತಾಡುವವರು ನೀವೊಬ್ಬರೇ. ಅದರ ಬದಲು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಿಂದ ಸುರತ್ಕಲ್‌ಗೆ ಹೋಗುವ ಸಿಟಿ ಬಸ್ಸಿನ ವೇಳಾಪಟ್ಟಿಯನ್ನು ಎರಡು ರೀತಿ ಬರೆದು, ಒಂದರಲ್ಲಿ ಹೊರಡುವ ಸಮಯ ಖಾಲಿ, ಇನ್ನೊಂದರಲ್ಲಿ ತಲುಪುವ ಸಮಯ ಖಾಲಿ ಬಿಟ್ಟು, ಜೋಡಿಗೆ ಒಂದೊಂದು ಕೊಡಿ. ಕೇಳದೆ ತುಂಬುವಂತಿಲ್ಲ, ಮಾತು ತಾನೇ ಹೊರಡುತ್ತದೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ನಮ್ಮ ಒಂದು ದಿನದ ಪಟ್ಟಿಯೂ ಅಲ್ಲಿ ಒಳ್ಳೆಯ ಪಾಠ. ಮನೆಯಲ್ಲಿ ಅರಬ್ಬೀ, ಪೋರ್ಚುಗೀಸ್ ಆಡುವ ಮಕ್ಕಳು ಆಗಲೇ ಬಾಯಿ ತೆರೆಯುವುದು.

ಒಂದು ಎಚ್ಚರ. ಸರಕಾರಿ ಶಾಲೆಯ ನೌಕರರು ಧರ್ಮದ ಗುರುತು ಧರಿಸುವಂತಿಲ್ಲ. ನಾಮ, ಶಿಲುಬೆ, ಹಿಜಾಬ್ ಎಲ್ಲಕ್ಕೂ ಒಂದೇ ನಿಯಮ. ಭೂತಕೋಲ, ಹುಲಿವೇಷದ ಚಿತ್ರ ತೋರಿಸಬಹುದು, ಊರಿನ ಜನ ಏನು ಮಾಡುತ್ತಾರೆ ಎಂದು ವಿವರಿಸುವ ಧಾಟಿಯಲ್ಲಿ. ಮಕ್ಕಳಿಂದ ಮಾಡಿಸಲು ಹೋಗಬೇಡಿ.

12 ಗಂಟೆಯನ್ನು ಐದು ದಿನಕ್ಕೆ ಚೆಲ್ಲಿ ವೇಳಾಪಟ್ಟಿ ಮಾಡಿದರೆ ಮೊದಲ ವಾರವೇ ಮಾತಾಡಿ ಮೂರು ನಾಲ್ಕು ದಿನಕ್ಕೆ ಕಟ್ಟಿಸಿಕೊಳ್ಳಿ, ಆಮೇಲೆ ಯಾರೂ ಬದಲಿಸುವುದಿಲ್ಲ.

ಹೊರಡುವ ಕಾಲಕ್ಕೆ: ಫರ್ನಿಷ್ ಮಾಡಿದ ಮನೆಗೆ ಒಂದು ತಿಂಗಳ ನೋಟಿಸು, ರಿಜಿಸ್ಟರ್ಡ್ ಅಂಚೆಯಲ್ಲಿ, ಮಾರ್ಚ್ ಮುಗಿಯುವ ಮೊದಲು. ಡಿಪಾಸಿಟ್ ವಾಪಸಾಗಲು ಒಂದರಿಂದ ಎರಡು ತಿಂಗಳಿದೆ, ಆದ್ದರಿಂದ ಆ ದುಡ್ಡು ಬಂದು ಸೇರುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ.